ದೃಷ್ಟಿನರದ ರೋಗಗಳು ಮತ್ತು ಆಕರಕೋಶ ಚಿಕಿತ್ಸೆ

“ಕಣ್ಣಿನ ನರ ಒಣಗಿಹೋಗಿದೆ.” ನೇತ್ರ ತಪಾಸಣೆಯ ಕೊಠಡಿಯಲ್ಲಿ ಈ ಮಾತನ್ನು ಕೇಳಿ ಹೊರಬರುವ ಕುಟುಂಬಗಳು ನಮ್ಮಲ್ಲಿ ಅನೇಕ. ಒಣಗಿದ ಗಿಡಕ್ಕೆ ನೀರೆರೆದರೆ ಚಿಗುರುವುದುಂಟು. ಒಣಗಿದ ನರವನ್ನು ಚಿಗುರಿಸುವ ಉಪಾಯವಿಲ್ಲವೆ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಮನಸ್ಸಿನಲ್ಲಿ ಏಳುತ್ತದೆ. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಮಬ್ಬಾದ ಕಾರ್ನಿಯಾವನ್ನು ತೆಗೆದು, ನೇತ್ರದಾನಿಯ ಕಾರ್ನಿಯಾವನ್ನು ಕೂಡಿಸುವುದು ಸಾಧ್ಯವಾಗಿದೆ. ಹೀಗಿರುವಾಗ ದೃಷ್ಟಿನರಕ್ಕೆ ಮಾತ್ರ ಮದ್ದಿಲ್ಲವೆಂದರೆ ನಂಬುವುದು ಕಷ್ಟ.

ಇಂತಹ ಸಂಕಟದ ಹೊತ್ತಿನಲ್ಲಿಯೇ ‘ಸ್ಟೆಮ್ ಸೆಲ್ ಚಿಕಿತ್ಸೆ’ ಎಂಬ ಹೆಸರು ಯಾರದೋ ಬಾಯಿಂದ ಕಿವಿಗೆ ಬೀಳುತ್ತದೆ. ಲಕ್ಷಾಂತರ ರೂಪಾಯಿ ಹೊಂದಿಸಿದರೆ ನೋಟ ಮರಳೀತೆಂಬ ಆಸೆ ಹುಟ್ಟುತ್ತದೆ. ಊರಿನ ಜಮೀನು ಮಾರುವ ಮಾತೂ ಬರುತ್ತದೆ. ಆ ನಿರ್ಧಾರವನ್ನು ಕೈಗೊಳ್ಳುವ ಮುನ್ನ ಕುಟುಂಬದವರು ತಿಳಿದಿರಬೇಕಾದ ಸಂಗತಿಗಳನ್ನು ಸರಳವಾಗಿ ನಿರೂಪಿಸುವುದು ಈ ಪಾಠದ ಉದ್ದೇಶ.

ನೋಟವು ಸಾಗುವ ದಾರಿ

ಕಣ್ಣನ್ನು ಕ್ಯಾಮರಾಕ್ಕೆ ಹೋಲಿಸುವುದು ವಾಡಿಕೆ. ಕಣ್ಣಿನ ಮುಂಭಾಗದ ಮಟ್ಟಿಗೆ ಈ ಹೋಲಿಕೆ ಒಪ್ಪತಕ್ಕದ್ದೇ. ಗಡಿಯಾರದ ಗಾಜಿನಂತೆ ಕಪ್ಪುಗುಡ್ಡೆಯನ್ನು ಆವರಿಸಿರುವ ಕಾರ್ನಿಯಾ ಮತ್ತು ಅದರ ಹಿಂದಿರುವ ಮಸೂರ, ಇವೆರಡೂ ಬೆಳಕನ್ನು ಬಾಗಿಸಿ, ಕಣ್ಣಿನ ಹಿಂಗೋಡೆಗೆ ಹೊಂದಿಕೊಂಡಿರುವ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸುತ್ತವೆ. ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು 12 ಕೋಟಿಗೂ ಮಿಗಿಲಾಗಿವೆ. ಅವು ಗ್ರಹಿಸಿದ್ದನ್ನು ಒಟ್ಟುಗೂಡಿಸಿ ಮಿದುಳಿಗೆ ತಲುಪಿಸುವ ಹೊಣೆ ಗ್ಯಾಂಗ್ಲಿಯಾನ್ ಕೋಶಗಳೆಂಬ ನರಕೋಶಗಳದು. ಇವುಗಳ ಸಂಖ್ಯೆ ಪ್ರತಿ ಕಣ್ಣಿನಲ್ಲಿ ಸುಮಾರು 10ರಿಂದ 12 ಲಕ್ಷ ಮಾತ್ರ.

ಪ್ರತಿಯೊಂದು ಗ್ಯಾಂಗ್ಲಿಯಾನ್ ಕೋಶದಿಂದಲೂ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಒಂದು ತಂತು ಹೊರಡುತ್ತದೆ. ಈ ಲಕ್ಷಾಂತರ ತಂತುಗಳು ಕಣ್ಣಿನ ಹಿಂಭಾಗದಲ್ಲಿ ಒಂದೆಡೆ ಕೂಡಿ, ಒಂದು ಕಟ್ಟಾಗಿ ಹೊರಬೀಳುತ್ತವೆ. ಆ ಕಟ್ಟೇ ದೃಷ್ಟಿನರ. ಅದರ ಉದ್ದ ಸುಮಾರು 5 ಸೆಂಟಿಮೀಟರು. ಎರಡು ಕಣ್ಣುಗಳ ನರಗಳೂ ಮಿದುಳಿನ ತಳದಲ್ಲಿ ಸಂಧಿಸುತ್ತವೆ. ಅಲ್ಲಿ ಸುಮಾರು ಅರ್ಧದಷ್ಟು ತಂತುಗಳು ಎದುರು ಬದಿಗೆ ದಾಟುತ್ತವೆ. ಉಳಿದವು ತಮ್ಮ ಬದಿಯಲ್ಲಿಯೇ ಮುಂದುವರಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ಮಿದುಳಿನ ಒಳಗಿರುವ ಒಂದು ನರಕೇಂದ್ರವನ್ನು ತಲುಪಿ, ಅಲ್ಲಿನ ಕೋಶಗಳಿಗೆ ಸಂದೇಶವನ್ನು ಒಪ್ಪಿಸುತ್ತವೆ. ಅಲ್ಲಿಂದ ಹೊರಟ ಸಂದೇಶವು ತಲೆಯ ಹಿಂಬದಿಯಲ್ಲಿರುವ ದೃಷ್ಟಿಕೇಂದ್ರವನ್ನು ಸೇರಿದಾಗಲೇ ನಮಗೆ ‘ಕಂಡಿತು’ ಎಂಬ ಅನುಭವವಾಗುತ್ತದೆ.

ನೆಲದಡಿಯಲ್ಲಿ ಹೂಳಿದ ದೂರವಾಣಿ ಕೇಬಲ್ಲನ್ನು ಕತ್ತರಿಸಿ ನೋಡಿದವರಿಗೆ ಈ ರಚನೆ ಸುಲಭವಾಗಿ ಮನದಟ್ಟಾದೀತು. ದಪ್ಪ ಹೊದಿಕೆಯೊಳಗೆ ನೂರಾರು ಎಳೆಗಳಿರುತ್ತವೆ. ಒಂದೊಂದು ಎಳೆಗೂ ಒಂದು ತುದಿಯಲ್ಲಿ ಒಂದು ಮನೆ, ಇನ್ನೊಂದು ತುದಿಯಲ್ಲಿ ದೂರವಾಣಿ ಕೇಂದ್ರದಲ್ಲಿ ಗೊತ್ತುಪಡಿಸಿದ ಒಂದು ಸ್ಥಾನ. ದೃಷ್ಟಿನರದಲ್ಲಿಯೂ ಹೀಗೆಯೇ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ದೂರವಾಣಿಯ ತಂತಿ ಬೇರೆ, ಮನೆ ಬೇರೆ. ನರತಂತುವಾದರೋ ತನ್ನ ಕೋಶದ ದೇಹದ್ದೇ ಭಾಗ, ಅದು ಚಾಚಿದ ಕೈ. ತಂತು ತುಂಡಾದರೆ ಅಥವಾ ಬಹುಕಾಲ ನಲುಗಿದರೆ ಕ್ರಮೇಣ ಮೂಲಕೋಶವೂ ಸಾಯುತ್ತದೆ. ‘ನರ ಒಣಗಿದೆ’ ಎಂಬ ಮಾತಿನ ನಿಜವಾದ ಅರ್ಥ ಇದು. ಒಣಗಿದ ಗಿಡದ ಬೇರಿನಲ್ಲಿ ಜೀವ ಉಳಿದಿರಬಹುದು. ಇಲ್ಲಿ ಬೇರೂ ಅಳಿದಿರುತ್ತದೆ.

ದೃಷ್ಟಿನರಕ್ಕೆ ಒದಗುವ ರೋಗಗಳು

ದೃಷ್ಟಿನರದ ರೋಗಗಳಲ್ಲಿ ಅತ್ಯಂತ ವ್ಯಾಪಕವಾದುದು ಗ್ಲಾಕೋಮಾ. ಕಣ್ಣೊಳಗಿನ ದ್ರವದ ಒತ್ತಡವು ನರದ ಬುಡವನ್ನು ಅದುಮಿ, ತಂತುಗಳನ್ನು ಒಂದೊಂದಾಗಿ ಕೊಲ್ಲುತ್ತದೆ. ಒತ್ತಡವು ಸಾಮಾನ್ಯ ಮಿತಿಯಲ್ಲಿದ್ದರೂ ಕೆಲವರಲ್ಲಿ ನರ ಕೆಡುವುದುಂಟು. ಭಾರತದಲ್ಲಿ 40 ವರ್ಷ ಮೀರಿದವರ ಪೈಕಿ ಸುಮಾರು 1 ಕೋಟಿ 12 ಲಕ್ಷ ಜನರಿಗೆ ಈ ರೋಗವಿದೆಯೆಂದು 2010ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ದೇಶದ ಬೇರೆಬೇರೆ ಕಡೆ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ ಬಹುಪಾಲು ಜನರಿಗೆ, ಪರೀಕ್ಷೆಗೆ ಒಳಗಾಗುವವರೆಗೆ, ತಮಗೆ ರೋಗವಿರುವ ವಿಷಯವೇ ತಿಳಿದಿರಲಿಲ್ಲ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ನೋಟವು ಅಂಚಿನಿಂದ ಒಳಮುಖವಾಗಿ ಕಿರಿದಾಗುತ್ತ ಬರುವುದರಿಂದ ಓದು ಬರಹಕ್ಕೆ ಕೊನೆಯವರೆಗೂ ತೊಡಕಾಗದಿರಬಹುದು.

ಇತರ ಕಾರಣಗಳೂ ಇವೆ. ನರದ ಬುಡಕ್ಕೆ ರಕ್ತಪೂರೈಕೆ ಕುಂದಿದಾಗ, ಮುಖ್ಯವಾಗಿ 50 ದಾಟಿದವರಲ್ಲಿ, ಒಂದು ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ನೋಟ ಹಠಾತ್ತನೆ ಮಸುಕಾಗಿರುತ್ತದೆ. ನರದ ಉರಿಯೂತವು ತರುಣರಲ್ಲಿ, ವಿಶೇಷವಾಗಿ ಸ್ತ್ರೀಯರಲ್ಲಿ ಹೆಚ್ಚು. ಲೀಬರ್ ರೋಗವೆಂಬುದು ತಾಯಿಯ ಕಡೆಯಿಂದ ಬರುವ ಆನುವಂಶಿಕ ದೋಷ. ಅದು ಹೆಚ್ಚಾಗಿ ಹರೆಯದ ಗಂಡುಮಕ್ಕಳನ್ನು ಪೀಡಿಸುತ್ತದೆ. ತಲೆಗೆ ಬಿದ್ದ ಪೆಟ್ಟು, ಪಿಟ್ಯುಟರಿ ಗ್ರಂಥಿಯ ಗಡ್ಡೆ, ಬಿ-12 ಜೀವಸತ್ವದ ಕೊರತೆ, ಕಳ್ಳಭಟ್ಟಿಯಲ್ಲಿ ಬೆರೆತ ಮಿಥೈಲ್ ಆಲ್ಕೋಹಾಲ್ ಇವು ಕೂಡ ನರವನ್ನು ಕೆಡಿಸುತ್ತವೆ. ಕ್ಷಯರೋಗಕ್ಕೆ ಕೊಡುವ ಎಥಾಂಬುಟಾಲ್ ಗುಳಿಗೆಯಿಂದ ಕೆಲವರಿಗೆ ನೋಟವೂ ಬಣ್ಣಗಳ ಗುರುತೂ ಕುಂದುವುದುಂಟು. ಅಂಥವರು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಇಲ್ಲಿ ಒಂದು ಸಮಾಧಾನದ ಅಂಶವಿದೆ. ನಲುಗಿದ ತಂತುಗಳೆಲ್ಲವೂ ಸತ್ತವೆಂದು ಅರ್ಥವಲ್ಲ. ಗಡ್ಡೆಯ ಒತ್ತಡವನ್ನು ಬೇಗನೆ ತೆಗೆದರೆ, ಜೀವಸತ್ವದ ಕೊರತೆಯನ್ನು ಸಕಾಲದಲ್ಲಿ ತುಂಬಿದರೆ, ಉರಿಯೂತ ಇಳಿದರೆ ನೋಟ ಎಷ್ಟೋ ಮಟ್ಟಿಗೆ ಮರಳಬಹುದು. ಆದ್ದರಿಂದ ‘ನರದ ದೋಷ’ ಎಂದು ಕೇಳಿದೊಡನೆ ಕೈಚೆಲ್ಲದೆ, ಯಾವ ಕಾರಣದಿಂದ, ಎಷ್ಟು ಭಾಗ ಕೆಟ್ಟಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಆಕರಕೋಶವೆಂದರೇನು?

ನಮ್ಮ ಚರ್ಮ ದಿನವೂ ಸವೆಯುತ್ತದೆ, ದಿನವೂ ಹೊಸದಾಗುತ್ತದೆ. ರಕ್ತದ ಕಣಗಳು ಅಳಿದಂತೆ ಹೊಸ ಕಣಗಳು ಹುಟ್ಟುತ್ತವೆ. ಹೀಗೆ ಹೊಸ ಕೋಶಗಳನ್ನು ಒದಗಿಸುವ ಮೂಲಕೋಶಗಳಿಗೆ ಆಕರಕೋಶಗಳೆಂದು ಹೆಸರು. ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎಂದು ಕರೆಯುವುದು ಇವನ್ನೇ. ತನ್ನಂತಹ ಕೋಶಗಳನ್ನೇ ಹುಟ್ಟಿಸುತ್ತ ಹೋಗುವ ಶಕ್ತಿ ಒಂದು. ಗೊತ್ತಾದ ಕೆಲಸಕ್ಕೆ ತಕ್ಕ ಕೋಶವಾಗಿ ಮಾರ್ಪಡುವ ಶಕ್ತಿ ಇನ್ನೊಂದು. ಈ ಎರಡು ಗುಣಗಳೂ ಇದ್ದರೆ ಅದು ಆಕರಕೋಶ.

ಆದರೆ ಈ ಒಂದೇ ಹೆಸರಿನಡಿ ಹಲವು ಬಗೆಯ ಕೋಶಗಳು ಸೇರಿವೆ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಅವರು ಮಾನವ ಭ್ರೂಣದ ಆಕರಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಇವು ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲವು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ಇಲಿಯ ಬೆಳೆದ ಕೋಶಗಳನ್ನೇ ಹಿಂದಿರುಗಿಸಿ ಭ್ರೂಣಕೋಶದಂತಹ ಸ್ಥಿತಿಗೆ ತಂದರು. ಮರುವರ್ಷವೇ ಮನುಷ್ಯರ ಕೋಶಗಳಲ್ಲಿಯೂ ಅದು ಸಾಧ್ಯವಾಯಿತು. ಈ ಕಾರ್ಯಕ್ಕೆ 2012ರ ನೊಬೆಲ್ ಪಾರಿತೋಷಕವು ಜಾನ್ ಗರ್ಡನ್ ಅವರೊಡನೆ ಯಮನಾಕ ಅವರಿಗೆ ಸಂದಿತು. ಇವೆರಡಕ್ಕಿಂತ ಭಿನ್ನವಾಗಿ, ಮೂಳೆಮಜ್ಜೆಯ ಆಕರಕೋಶಗಳು ಸಹಜವಾಗಿ ರಕ್ತಕಣಗಳನ್ನು ಒದಗಿಸತಕ್ಕವು. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳು ಕೊಬ್ಬು, ಮೂಳೆ, ಮೃದ್ವಸ್ಥಿಗಳ ಕುಲಕ್ಕೆ ಸೇರಿದವು. ಕಣ್ಣಿಗೆ ಚುಚ್ಚಿದ ಮಾತ್ರಕ್ಕೆ ಅವು ದೃಷ್ಟಿಯ ನರಕೋಶಗಳಾಗಿ ಬದಲಾಗುವುದಿಲ್ಲ. ಯಾರಾದರೂ ‘ಸ್ಟೆಮ್ ಸೆಲ್ ಹಾಕುತ್ತೇವೆ’ ಎಂದಾಗ ‘ಯಾವ ಬಗೆಯದು?’ ಎಂದು ಕೇಳಬೇಕಾದ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಕಣ್ಣಿನ ಮುಂಭಾಗದಲ್ಲಿ ಫಲಿಸಿದ ಚಿಕಿತ್ಸೆ

ಆಕರಕೋಶಗಳಿಂದ ಕಣ್ಣಿಗೆ ಪ್ರಯೋಜನವೇ ಇಲ್ಲವೆಂದು ಭಾವಿಸಬಾರದು. ಕಣ್ಣಿನ ಕಪ್ಪುಭಾಗವೂ ಬಿಳಿಭಾಗವೂ ಸೇರುವ ಅಂಚಿನಲ್ಲಿ ಕಾರ್ನಿಯಾದ ಮೇಲ್ಪದರಕ್ಕೆ ಬೇಕಾದ ಆಕರಕೋಶಗಳಿವೆ. ಸುಣ್ಣವೋ ಆಮ್ಲವೋ ಸಿಡಿದು ಈ ಅಂಚು ಸುಟ್ಟುಹೋದರೆ ಕಾರ್ನಿಯಾದ ಮೇಲೆ ಮಬ್ಬಾದ ಪೊರೆ ಬೆಳೆದು ನೋಟ ಮುಚ್ಚುತ್ತದೆ. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ 2001ರಿಂದ, ರೋಗಿಯ ಆರೋಗ್ಯವಂತ ಕಣ್ಣಿನ ಅಂಚಿನಿಂದ ಚಿಕ್ಕ ಚೂರನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಕೆಟ್ಟ ಕಣ್ಣಿಗೆ ಕಸಿ ಮಾಡುವ ಕ್ರಮ ನಡೆದುಬಂದಿತು. ಅಲ್ಲಿಯ 200 ರೋಗಿಗಳ ಹತ್ತು ವರ್ಷಗಳ ವರದಿಯಲ್ಲಿ ಶೇಕಡಾ 71ರಷ್ಟು ಕಣ್ಣುಗಳಲ್ಲಿ ಕಸಿ ನಿಂತಿತೆಂದು ದಾಖಲಾಗಿದೆ. 2012ರಲ್ಲಿ ಅದೇ ಸಂಸ್ಥೆಯ ವೈದ್ಯರು ಇನ್ನೂ ಸರಳವಾದ ವಿಧಾನವನ್ನು ಪ್ರಕಟಿಸಿದರು. ಸುಮಾರು 2 ಮಿಲಿಮೀಟರು ಅಗಲ, ಅಷ್ಟೇ ಉದ್ದದ ಚೂರನ್ನು ಎಂಟು ಹತ್ತು ತುಣುಕುಗಳಾಗಿ ಮಾಡಿ, ಗರ್ಭಚೀಲದ ಒಳಪೊರೆಯ ಮೇಲೆ ಹರಡಿ, ನೇರವಾಗಿ ಕಣ್ಣಿನಲ್ಲಿಯೇ ಬೆಳೆಯಬಿಡುವ ಈ ಕ್ರಮಕ್ಕೆ ಪ್ರಯೋಗಶಾಲೆಯ ವೆಚ್ಚವಿಲ್ಲ.

‘ಸ್ಟೆಮ್ ಸೆಲ್‌ನಿಂದ ಕಣ್ಣು ಬಂತು’ ಎಂಬ ಸುದ್ದಿಯ ಹಿಂದೆ ಅನೇಕ ವೇಳೆ ಇರುವುದು ಇಂತಹ ಕಾರ್ನಿಯಾ ಚಿಕಿತ್ಸೆ. ಸುದ್ದಿ ಸುಳ್ಳಲ್ಲ, ಆದರೆ ಅದು ಬೇರೆ ರೋಗದ ಸುದ್ದಿ. ಅಲ್ಲಿ ಬೇಕಾಗಿದ್ದುದು ಕಿಟಕಿಯ ಗಾಜಿನ ಮೇಲಿನ ಒಂದು ತೆಳುಪದರ. ಅದನ್ನು ಒದಗಿಸುವ ಆಕರಕೋಶಗಳು ಕಣ್ಣಿನಲ್ಲಿಯೇ ಇದ್ದವು. ದೃಷ್ಟಿನರಕ್ಕೆ ಬೇಕಾಗಿರುವುದು ಇಡೀ ಕೇಬಲ್ಲು. ಸತ್ತ ಗ್ಯಾಂಗ್ಲಿಯಾನ್ ಕೋಶದ ಸ್ಥಾನವನ್ನು ತುಂಬುವ ಆಕರಕೋಶಗಳನ್ನು ಪ್ರಕೃತಿ ನಮ್ಮ ಅಕ್ಷಿಪಟಲದಲ್ಲಿ ಇಟ್ಟಿಲ್ಲ.

ನರವನ್ನು ಮರಳಿ ಕಟ್ಟಲು ಏನೆಲ್ಲ ಬೇಕು?

ನೋಟ ಮರಳಬೇಕಾದರೆ ಐದು ಹೆಜ್ಜೆಗಳು ಕೂಡಿಬರಬೇಕು. ಮೊದಲನೆಯದಾಗಿ, ಆಕರಕೋಶಗಳಿಂದ ನಿಜವಾದ ಗ್ಯಾಂಗ್ಲಿಯಾನ್ ಕೋಶಗಳನ್ನು ಪಡೆಯಬೇಕು. ಎರಡನೆಯದಾಗಿ, ಕಸಿ ಮಾಡಿದ ಮೇಲೆ ಅವು ಬದುಕುಳಿದು ಅಕ್ಷಿಪಟಲದ ಇತರ ಕೋಶಗಳೊಡನೆ ಬೆಸೆದುಕೊಳ್ಳಬೇಕು. ಮೂರನೆಯದಾಗಿ, ಅವುಗಳ ತಂತುಗಳು ನರದ ಬುಡವನ್ನು ಹುಡುಕಿಕೊಂಡು ಕಣ್ಣಿನಿಂದ ಹೊರಬಿದ್ದು ಮಿದುಳಿನವರೆಗೆ ಬೆಳೆಯಬೇಕು. ನಾಲ್ಕನೆಯದಾಗಿ, ಪ್ರತಿಯೊಂದು ತಂತುವೂ ತನಗೆ ಸಲ್ಲುವ ಸ್ಥಾನವನ್ನೇ ಸೇರಬೇಕು. ಐದನೆಯದಾಗಿ, ಸಂದೇಶ ವೇಗವಾಗಿ ಸಾಗಲು ಬೇಕಾದ ಹೊದಿಕೆ ಆ ತಂತುಗಳಿಗೆ ದೊರೆಯಬೇಕು.

ಕಪ್ಪೆ, ಮೀನುಗಳಲ್ಲಿ ಕತ್ತರಿಸಿದ ದೃಷ್ಟಿನರ ತಾನಾಗಿ ಬೆಳೆದು ಕೂಡಿಕೊಳ್ಳುತ್ತದೆ. 1940ರ ದಶಕದಲ್ಲಿ ರೋಜರ್ ಸ್ಪೆರಿ ಎಂಬ ವಿಜ್ಞಾನಿ ಕಪ್ಪೆ ಮುಂತಾದ ಉಭಯಚರಗಳ ದೃಷ್ಟಿನರವನ್ನು ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟರು. ನೋಟ ಮರಳಿತು, ಆದರೆ ಪ್ರಾಣಿಯು ಮೇಲಿರುವ ಹುಳುವನ್ನು ಹಿಡಿಯಲು ಕೆಳಕ್ಕೆ ಹಾರತೊಡಗಿತು, ಎಷ್ಟು ದಿನ ಕಳೆದರೂ ತಿದ್ದಿಕೊಳ್ಳಲಿಲ್ಲ. ಪ್ರತಿಯೊಂದು ತಂತುವೂ ತನ್ನ ಹಳೆಯ ವಿಳಾಸಕ್ಕೇ ಮರಳಿತ್ತು. ತಂತು ಬೆಳೆದರಷ್ಟೇ ಸಾಲದು, ಸರಿಯಾದ ವಿಳಾಸವನ್ನೂ ಸೇರಬೇಕೆಂಬುದಕ್ಕೆ ಇದು ಮರೆಯಲಾಗದ ನಿದರ್ಶನ. ಮನುಷ್ಯರಲ್ಲಿ ಹಾಗೂ ಇತರ ಸಸ್ತನಿಗಳಲ್ಲಿ ಈ ಸಾಮರ್ಥ್ಯವಿಲ್ಲ. ಕೈಕಾಲಿನ ನರಗಳು ಸ್ವಲ್ಪಮಟ್ಟಿಗೆ ಮರಳಿ ಬೆಳೆಯುತ್ತವೆ. ದೃಷ್ಟಿನರವು ಮಿದುಳಿನ ಭಾಗವೇ ಆದುದರಿಂದ ಮಿದುಳಿನ ಕಟ್ಟಳೆಗೆ ಒಳಪಟ್ಟಿದೆ.

ಸಂಶೋಧನೆ ಮುಟ್ಟಿರುವ ಹಂತ

ಈ ಕಟ್ಟಳೆಯನ್ನು ಸಡಿಲಿಸುವ ಪ್ರಯತ್ನ ದಶಕಗಳಿಂದ ನಡೆದಿದೆ. 1980ರ ದಶಕದಲ್ಲಿ ಕೆನಡಾದ ಆಲ್ಬರ್ಟ್ ಆಗ್ವಾಯೊ ಅವರ ತಂಡವು ಇಲಿಯ ದೃಷ್ಟಿನರಕ್ಕೆ ಅದರ ಕಾಲಿನ ನರದ ತುಂಡನ್ನು ಜೋಡಿಸಿದಾಗ ಕೆಲವು ತಂತುಗಳು ಆ ತುಂಡಿನ ಮೂಲಕ ಬೆಳೆದವು. 2008ರಲ್ಲಿ ಬೋಸ್ಟನ್ ನಗರದ ಸಂಶೋಧಕರು ಬೆಳವಣಿಗೆಯನ್ನು ಹತ್ತಿಕ್ಕುವ ಒಂದು ವಂಶವಾಹಿಯನ್ನು ಇಲಿಗಳಲ್ಲಿ ತೆಗೆದುಹಾಕಿ, ನಲುಗಿದ ತಂತುಗಳು ಮತ್ತೆ ಬೆಳೆಯುವುದನ್ನು ಕಂಡರು. ಮಾನವ ಆಕರಕೋಶಗಳಿಂದ ಗ್ಯಾಂಗ್ಲಿಯಾನ್ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಪಡೆಯುವುದೂ ಈಗ ಸಾಧ್ಯವಾಗಿದೆ. ಅಂದರೆ ಮೊದಲ ಹೆಜ್ಜೆ ಬಹುಮಟ್ಟಿಗೆ ಕೈಗೂಡಿದೆ. ಎರಡು ಮತ್ತು ಮೂರನೆಯ ಹೆಜ್ಜೆಗಳು ಇಲಿಗಳಲ್ಲಿ ಅಲ್ಪಸ್ವಲ್ಪ ಕಾಣಿಸಿವೆ. ಕಸಿ ಮಾಡಿದ ಕೋಶಗಳಲ್ಲಿ ತೀರ ಕಡಮೆ ಭಾಗವಷ್ಟೇ ಉಳಿಯುತ್ತದೆ. ಮನುಷ್ಯರಲ್ಲಿ ಈ ದಾರಿಯಿಂದ ನೋಟ ಮರಳಿದ್ದು ಇನ್ನೂ ಸಿದ್ಧವಾಗಿಲ್ಲ.

ಇನ್ನೊಂದು ದಾರಿಯೂ ಪರಿಶೀಲನೆಯಲ್ಲಿದೆ. ಸತ್ತ ಕೋಶಗಳ ಬದಲಿಗೆ ಹೊಸವನ್ನು ತರುವ ಮಾತು ಬಿಟ್ಟು, ಸಾಯುತ್ತಿರುವ ಕೋಶಗಳನ್ನು ಪೋಷಕ ದ್ರವ್ಯಗಳಿಂದ ಉಳಿಸುವ ಯೋಚನೆ ಇದು. ಮೂಳೆಮಜ್ಜೆ ಮುಂತಾದವುಗಳ ಕೋಶಗಳು ಇಂತಹ ದ್ರವ್ಯಗಳನ್ನು ಸ್ರವಿಸುತ್ತವೆ. ಪ್ರಾಣಿಗಳಲ್ಲಿ ಪ್ರಯೋಜನ ಕಂಡುಬಂದಿದೆ. ಆದರೆ ಇದು ಉಳಿದುದನ್ನು ಕಾಯುವ ಪ್ರಯತ್ನ. ಹೋದುದನ್ನು ತರುವ ಭರವಸೆಯನ್ನು ಇದರ ಮೇಲೆ ಕಟ್ಟಲಾಗದು.

ನೆರೆಯ ಕ್ಷೇತ್ರದ ಒಂದು ಉದಾಹರಣೆ ಇಲ್ಲಿ ಬೋಧಪ್ರದ. 2014ರಲ್ಲಿ ಜಪಾನಿನ ಮಸಾಯೊ ತಕಹಾಶಿ ಅವರ ತಂಡವು ರೋಗಿಯೊಬ್ಬರ ಚರ್ಮದ ಕೋಶಗಳನ್ನು ಯಮನಾಕ ವಿಧಾನದಿಂದ ಮಾರ್ಪಡಿಸಿ, ಅಕ್ಷಿಪಟಲದ ಅಡಿಯಲ್ಲಿರುವ ಪೋಷಕ ಪದರವನ್ನು ಬೆಳೆಸಿ ಕಸಿ ಮಾಡಿತು. 2017ರ ವರದಿಯಂತೆ, ಒಂದು ವರ್ಷದ ನಂತರ ಆ ಪದರ ಸ್ಥಾನದಲ್ಲಿಯೇ ಇತ್ತು. ನೋಟ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಜಗತ್ತಿನ ಗಮನ ಸೆಳೆದ ಪ್ರಯೋಗದ ಕರ್ತೃಗಳೇ ಫಲವನ್ನು ಇಷ್ಟು ಸಂಯಮದಿಂದ ಹೇಳಿರುವುದನ್ನು ಓದುಗರು ಗಮನಿಸಬೇಕು.

‘ಅವರಿಗೆ ಗುಣವಾಯಿತಂತೆ’

ಚಿಕಿತ್ಸೆ ಪಡೆದ ಯಾರಿಗೋ ನೋಟ ಸುಧಾರಿಸಿತೆಂಬ ಮಾತು ಕೇಳಿಬರುತ್ತದೆ. ಹೇಳಿದವರು ಸುಳ್ಳಾಡಿದರೆಂದು ತಿಳಿಯಬೇಕಾಗಿಲ್ಲ. ಆದರೆ ಸುಧಾರಣೆಗೆ ಚಿಕಿತ್ಸೆಯೇ ಕಾರಣವೆ ಎಂಬುದನ್ನು ಅಳೆಯುವ ಬಗೆ ಬೇರೆ.

ರಕ್ತಪೂರೈಕೆ ಕುಂದಿ ನರ ಕೆಡುವ ರೋಗಕ್ಕೆ, ನರದ ಹೊದಿಕೆಯನ್ನು ಸೀಳುವ ಒಂದು ಶಸ್ತ್ರಚಿಕಿತ್ಸೆ 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದಿತು. ಹಲವರಲ್ಲಿ ನೋಟ ಮರಳಿತೆಂಬ ವರದಿಗಳು ಬಂದವು. ಶಸ್ತ್ರಚಿಕಿತ್ಸೆ ಬೇಗನೆ ಹರಡಿತು. ಅನಂತರ ಅಲ್ಲಿಯ ರಾಷ್ಟ್ರೀಯ ನೇತ್ರ ಸಂಸ್ಥೆಯ ಆಶ್ರಯದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರಿಯ ಎಚ್ಚರಿಕೆಯ ವೀಕ್ಷಣೆ ಎಂದು ಗೊತ್ತುಪಡಿಸಲಾಯಿತು. 1995ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯರನ್ನೇ ಬೆರಗುಗೊಳಿಸಿತು. ಆರು ತಿಂಗಳ ನಂತರ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡಾ 32.6 ಜನರ ನೋಟವು ಅಕ್ಷರಫಲಕದ ಮೂರು ಅಥವಾ ಹೆಚ್ಚಿನ ಸಾಲುಗಳಷ್ಟು ಸುಧಾರಿಸಿತ್ತು. ಏನೂ ಮಾಡದೆ ಬಿಟ್ಟವರಲ್ಲಿ ಅಷ್ಟೇ ಸುಧಾರಣೆ ಶೇಕಡಾ 42.7 ಜನರಿಗೆ ಆಗಿತ್ತು. ಮೂರು ಅಥವಾ ಹೆಚ್ಚಿನ ಸಾಲುಗಳಷ್ಟು ನೋಟ ಕಳೆದುಕೊಂಡವರು ಮೊದಲ ಗುಂಪಿನಲ್ಲಿ ಶೇಕಡಾ 23.9, ಎರಡನೆಯದರಲ್ಲಿ ಶೇಕಡಾ 12.4. ನರದ ಕೆಲವು ರೋಗಗಳು ತಾವಾಗಿಯೇ ಅಷ್ಟಿಷ್ಟು ಇಳಿಯುತ್ತವೆ. ಹೋಲಿಸಿ ನೋಡುವ ಗುಂಪಿಲ್ಲದಿದ್ದರೆ ಆ ಕೀರ್ತಿ ಚಿಕಿತ್ಸೆಗೆ ಸಲ್ಲುತ್ತದೆ. ನರದ ಉರಿಯೂತ, ಲೀಬರ್ ರೋಗದ ಕೆಲವು ಬಗೆಗಳು ಇವುಗಳಲ್ಲಿಯೂ ತಾನಾಗಿ ಚೇತರಿಸುವ ಸಂಭವವುಂಟು. ಮೂಳೆಮಜ್ಜೆಯ ಕೋಶಗಳಿಂದ ದೃಷ್ಟಿನರ ಸುಧಾರಿಸಿತೆಂದು ವಿದೇಶಗಳಿಂದ ಬಂದಿರುವ ಕೆಲವು ವರದಿಗಳಲ್ಲಿ ಇಂತಹ ಹೋಲಿಕೆಯ ಗುಂಪೇ ಇರಲಿಲ್ಲ.

ಮೂವರು ಮಹಿಳೆಯರ ಪ್ರಸಂಗ

‘ಉಪಯೋಗವಾಗದಿದ್ದರೆ ಹೋಗಲಿ, ನಷ್ಟವೇನು?’ ಎಂದು ಕೇಳುವವರಿದ್ದಾರೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಉತ್ತರ ಹೇಳುತ್ತದೆ. ಅದು ದೃಷ್ಟಿನರದ ರೋಗದ ಪ್ರಸಂಗವಲ್ಲ, ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ರೋಗದ್ದು. ಆದರೆ ಅಪಾಯ ಎರಡಕ್ಕೂ ಸಮಾನ. 72ರಿಂದ 88 ವರ್ಷ ವಯಸ್ಸಿನ ಮೂವರು ಮಹಿಳೆಯರು ಖಾಸಗಿ ಚಿಕಿತ್ಸಾಲಯವೊಂದರಲ್ಲಿ ತಲಾ 5,000 ಡಾಲರು ತೆತ್ತರು. ಅವರ ಹೊಟ್ಟೆಯ ಕೊಬ್ಬಿನಿಂದ ಬೇರ್ಪಡಿಸಿದ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣುಗಳಿಗೆ ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ರಕ್ತಸ್ರಾವ, ಅಕ್ಷಿಪಟಲ ಕಳಚಿಕೊಳ್ಳುವುದು ಮುಂತಾದ ತೊಂದರೆಗಳಾಗಿ ಮೂವರೂ ಇದ್ದ ನೋಟವನ್ನು ಬಹುಪಾಲು ಕಳೆದುಕೊಂಡರು. 2017ರ ಮಾರ್ಚಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಇದನ್ನು ಪ್ರಕಟಿಸಿತು. ಚಿಕಿತ್ಸೆಗೆ ಮುನ್ನ ಅವರೆಲ್ಲರಿಗೂ ಅಷ್ಟಿಷ್ಟು ಕಾಣುತ್ತಿತ್ತೆಂಬುದು ಇಲ್ಲಿ ನೆನಪಿಡಬೇಕಾದ ಮಾತು. ಇನ್ನೂ ಉಳಿದಿರುವ ಮಂಕು ನೋಟಕ್ಕೂ ಬೆಲೆಯಿದೆ. ಬಾಗಿಲು ಯಾವುದು, ಗೋಡೆ ಯಾವುದು ಎಂದು ತಿಳಿಯುವುದು, ಎದುರಿಗೆ ಬಂದವರ ನೆರಳು ಕಾಣುವುದು ಆ ನೋಟದಿಂದಲೇ.

ನಮ್ಮ ದೇಶದ ನಿಯಮಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಕೂಡಿ 2007ರಲ್ಲಿ ಆಕರಕೋಶಗಳ ಕುರಿತ ಮಾರ್ಗಸೂತ್ರಗಳನ್ನು ಹೊರತಂದವು. ಅವುಗಳ ಶೀರ್ಷಿಕೆಯಲ್ಲಿ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರ ಪರಿಷ್ಕರಣದಲ್ಲಿ ‘ಚಿಕಿತ್ಸೆ’ ಎಂಬ ಪದವನ್ನು ಬೇಕೆಂದೇ ಕೈಬಿಡಲಾಯಿತು. ಒಂದು ಪದವನ್ನು ಬಿಟ್ಟುದರಲ್ಲಿಯೇ ಒಂದು ನೀತಿ ಅಡಗಿದೆ. ರಕ್ತಸಂಬಂಧವಾದ ರೋಗಗಳಿಗೆ ಮಾಡುವ ಮೂಳೆಮಜ್ಜೆಯ ಕಸಿಯಂತಹ ಸ್ಥಾಪಿತ ಕ್ರಮಗಳನ್ನು ಬಿಟ್ಟರೆ, ಆಕರಕೋಶಗಳ ಬಳಕೆಯನ್ನು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಸತಕ್ಕದ್ದು. ಮಾರಾಟದ ಚಿಕಿತ್ಸೆಯಾಗಿ ಅಲ್ಲ. 2017ರ ಮಾರ್ಗಸೂತ್ರಗಳೂ ಇದನ್ನೇ ದೃಢಪಡಿಸಿವೆ. ದೃಷ್ಟಿನರದ ಯಾವ ರೋಗವೂ ಸ್ಥಾಪಿತ ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲ.

ಪ್ರಯೋಗ ನಡೆಸುವವರು 2007ರಲ್ಲಿ ಸ್ಥಾಪಿತವಾದ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಯಲ್ಲಿ ಅದನ್ನು ಮುಂಚಿತವಾಗಿ ನೋಂದಾಯಿಸಬೇಕು. ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯಂತೆ, ಪ್ರಯೋಗದಿಂದ ಹಾನಿಯಾದರೆ ಉಚಿತ ಶುಶ್ರೂಷೆಯೂ ಪರಿಹಾರವೂ ಸಲ್ಲಬೇಕು. ಪ್ರಯೋಗವೆಂದು ಹೇಳಿ ರೋಗಿಯಿಂದಲೇ ಹಣ ಕೇಳುವುದು ಸಂಶಯಕ್ಕೆ ಮೊದಲ ಕಾರಣ. ಅದೇ ರೀತಿ, ನೋಂದಣಿ ಎಂಬುದು ದಾಖಲೆ ಮಾತ್ರ. ಚಿಕಿತ್ಸೆ ಫಲಕಾರಿ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ.

ಹೊರರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಸೂಚನೆ ಅವಶ್ಯ. ಒಪ್ಪಿಗೆಪತ್ರದ ವಿವರಗಳು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದು ನಿಯಮ. ಮುಂಬಯಿಯ ಆಸ್ಪತ್ರೆಯಲ್ಲಿ ಮರಾಠಿಯಲ್ಲಿಯೋ, ಚೆನ್ನೈಯಲ್ಲಿ ತಮಿಳಿನಲ್ಲಿಯೋ, ಎಲ್ಲೆಡೆ ಇಂಗ್ಲಿಷಿನಲ್ಲಿಯೋ ಮುದ್ರಿತವಾದ ಹಾಳೆಯ ಕೆಳಗೆ ಊರಿನಿಂದ ಬಂದ ವೃದ್ಧ ತಂದೆತಾಯಿಗಳಿಂದ ರುಜು ಹಾಕಿಸುವ ಅವಸರ ಬೇಡ. ಅದನ್ನು ಕನ್ನಡದಲ್ಲಿ ವಿವರಿಸುವಂತೆ ಕೇಳಿರಿ. ಹಾಳೆಯನ್ನು ಮನೆಗೆ ಒಯ್ದು, ಬಲ್ಲವರಿಂದ ಓದಿಸಿ, ‘ಅಪಾಯಗಳು’ ಎಂಬ ಭಾಗವನ್ನು ಎರಡು ಬಾರಿ ಕೇಳಿರಿ. ದೊಡ್ಡವರಿಗೆ ಗಾಬರಿಯಾದೀತೆಂದು ಮಕ್ಕಳು ಆ ಭಾಗವನ್ನು ನುಂಗಿಕೊಂಡು ಹೇಳುವುದುಂಟು. ಕಣ್ಣು ಅವರದು, ಅಪಾಯವನ್ನು ತಿಳಿಯುವ ಹಕ್ಕೂ ಅವರದೇ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ನನ್ನ ರೋಗದ ನಿಖರವಾದ ಹೆಸರೇನು? ನರದ ಎಷ್ಟು ಭಾಗ ಉಳಿದಿದೆ?
2. ಯಾವ ಬಗೆಯ ಕೋಶಗಳನ್ನು, ಎಲ್ಲಿಂದ ತೆಗೆದು, ಕಣ್ಣಿನ ಯಾವ ಭಾಗಕ್ಕೆ ಹಾಕುತ್ತೀರಿ?
3. ಇದು ಸ್ಥಾಪಿತ ಚಿಕಿತ್ಸೆಯೋ ಪ್ರಯೋಗವೋ? ಪ್ರಯೋಗವಾದರೆ ನೋಂದಣಿ ಸಂಖ್ಯೆ ಯಾವುದು? ನನ್ನಿಂದ ಹಣವೇಕೆ?
4. ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ಫಲಿತಾಂಶವನ್ನು ಪ್ರಕಟಿಸಿದ್ದೀರಾ?
5. ಎರಡೂ ಕಣ್ಣುಗಳಿಗೆ ಒಂದೇ ದಿನ ಮಾಡುವ ಅಗತ್ಯವೇನು?
6. ತೊಂದರೆಯಾದರೆ ಶುಶ್ರೂಷೆಯ ಹೊಣೆ ಯಾರದು? ಅದನ್ನು ಬರೆದು ಕೊಡುವಿರಾ?

ಇವಕ್ಕೆ ನೇರವಾದ ಉತ್ತರ ದೊರೆಯದಿದ್ದರೆ, ಬೇರೊಂದು ದೊಡ್ಡ ನೇತ್ರ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯುವವರೆಗೆ ತಡೆಯುವುದು ಲೇಸು.

ಇಂದೇ ಮಾಡಬಹುದಾದ ಕೆಲಸ

ಹೊಸ ನರವನ್ನು ಕಟ್ಟುವ ವಿದ್ಯೆ ಇನ್ನೂ ಕೈಗೂಡಿಲ್ಲವಾದರೂ ಇರುವ ನರವನ್ನು ಕಾಯುವ ವಿದ್ಯೆ ನಮ್ಮಲ್ಲಿದೆ. ಕಣ್ಣಿನ ಹನಿ, ಲೇಸರ್, ಶಸ್ತ್ರಚಿಕಿತ್ಸೆ ಇವುಗಳಿಂದ ಗ್ಲಾಕೋಮಾದ ಒತ್ತಡವನ್ನು ಇಳಿಸಿ, ರೋಗ ಮುಂದುವರಿಯುವುದನ್ನು ಬಹುಮಟ್ಟಿಗೆ ತಡೆಯಬಹುದು. 40 ವರ್ಷ ದಾಟಿದವರು, ಮುಖ್ಯವಾಗಿ ತಂದೆತಾಯಿಗಳಲ್ಲಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು, ಕನ್ನಡಕದ ಅಂಗಡಿಯ ಅಳತೆಗಷ್ಟೇ ತೃಪ್ತರಾಗದೆ, ಒತ್ತಡವನ್ನೂ ನರದ ಬುಡವನ್ನೂ ನೇತ್ರವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ತುರಿಕೆಗೆಂದು ಔಷಧದ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕುವುದರಿಂದಲೂ ಒತ್ತಡ ಏರಿ ನರ ಕೆಡಬಹುದು. ಹನಿ ಹಾಕಿದರೂ ನೋಟ ಹೆಚ್ಚಲಿಲ್ಲವೆಂದು ಗ್ಲಾಕೋಮಾದ ಔಷಧವನ್ನು ಬಿಡುವವರು ಅನೇಕರು. ಆ ಹನಿಯ ಕೆಲಸ ನೋಟವನ್ನು ಹೆಚ್ಚಿಸುವುದಲ್ಲ, ಇರುವುದನ್ನು ಉಳಿಸುವುದು. ನೋಟ ಹಠಾತ್ತನೆ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನೋಟ ಈಗಾಗಲೇ ಹೋಗಿರುವವರ ಬಾಳು ಅಲ್ಲಿಗೆ ನಿಲ್ಲಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅಂಧತೆ ಮತ್ತು ಮಂದದೃಷ್ಟಿ ಎರಡನ್ನೂ ಗುರುತಿಸುತ್ತದೆ. ನ್ಯೂನತೆ ಶೇಕಡಾ 40 ಅಥವಾ ಮೇಲ್ಪಟ್ಟಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಮುಂತಾದ ಸೌಲಭ್ಯಗಳಿವೆ. ಡೆಹರಾಡೂನಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಬಲೀಕರಣ ಸಂಸ್ಥೆ, ಮುಂಬಯಿಯಲ್ಲಿ 1952ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧರ ಸಂಘ ಮೊದಲಾದವು ಬಿಳಿಕೋಲಿನ ನಡಿಗೆ, ಬ್ರೈಲ್, ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಕಂಪ್ಯೂಟರ್ ಇವುಗಳಲ್ಲಿ ತರಬೇತಿ ನೀಡುತ್ತವೆ. ಒಂದು ಚಿಕಿತ್ಸೆಯ ಹಿಂದೆ ಅಲೆಯುವುದರಲ್ಲಿ ಕಳೆಯುವ ಎರಡು ಮೂರು ವರ್ಷಗಳಲ್ಲಿ ಒಬ್ಬ ತರುಣನು ಈ ವಿದ್ಯೆಗಳನ್ನು ಕಲಿತು ಉದ್ಯೋಗಕ್ಕೆ ಸೇರಬಹುದು.

ಸಾರಾಂಶ

ದೃಷ್ಟಿನರವೆಂದರೆ ಕಣ್ಣಿನಿಂದ ಮಿದುಳಿಗೆ ಚಾಚಿದ 10 ಲಕ್ಷಕ್ಕೂ ಮಿಕ್ಕ ತಂತುಗಳ ಕಟ್ಟು. ಸತ್ತ ತಂತು ಮನುಷ್ಯರಲ್ಲಿ ಮರಳಿ ಬೆಳೆಯದು. ಆಕರಕೋಶಗಳು ಕಾರ್ನಿಯಾದ ಮೇಲ್ಪದರವನ್ನು ಮರಳಿ ತಂದಿವೆ. ದೃಷ್ಟಿನರವನ್ನು ಇನ್ನೂ ತಂದಿಲ್ಲ. ಸಂಶೋಧನೆ ನಿಜ, ಆಸೆಯೂ ನ್ಯಾಯವಾದುದೇ. ಆದರೆ ಹಣಕ್ಕೆ ದೊರೆಯುವ ಸಿದ್ಧ ಚಿಕಿತ್ಸೆ ಇಂದು ಇಲ್ಲ. ಮುಂದೊಂದು ದಿನ ಅದು ಕೈಗೂಡಿದರೆ, ಅದರ ಪ್ರಯೋಜನ ಪಡೆಯಲು ಕಣ್ಣಿನ ಉಳಿದ ಭಾಗಗಳು ಕೆಡದೆ ಇರಬೇಕಾಗುತ್ತದೆ. ಆದುದರಿಂದ ಇಂದು ಉಳಿದಿರುವ ನೋಟವನ್ನು ಕಾಪಾಡಿಕೊಳ್ಳಿರಿ. ಮನೆಯಲ್ಲಿ 40 ದಾಟಿದವರನ್ನು ಈ ತಿಂಗಳೇ ನೇತ್ರ ತಪಾಸಣೆಗೆ ಕರೆದೊಯ್ಯಿರಿ.